ಬಳೆ ನೆಟ್ಟಗಿದ್ದರೆ ಡ್ರಮ್ಮು ನೆಟ್ಟಗೆ ಮಾತಾಡುತ್ತೆ

ಮಡಕಶಿರಾದಿಂದ ಅಮರಾಪುರದ ಕಡೆಗೆ ಹೋಗುವ ದಾರಿಯ ಊರುಗಳಲ್ಲಿ ಮದುವೆ ಅಂದರೆ ಬ್ಯಾಂಡ್‌ಸೆಟ್ಟು ಇರಲೇಬೇಕು ಅನ್ನುವ ಕಾಲ ಒಂದಿತ್ತು. ಗಂಡಿನ ಕಡೆಯವರು ಶಿರಾದಿಂದ ಬರಲಿ, ಪಾವಗಡದಿಂದ ಬರಲಿ, ಹಿಂದೂಪುರದಿಂದ ಬರಲಿ, ಊರ ಬಾಗಿಲಲ್ಲಿ ಬ್ಯಾಂಡಿನವರು ನಿಂತಿರಬೇಕು. ಒಂದು ಬೀದಿಯಲ್ಲಿ ಕನ್ನಡದ ಹಾಡು, ಮುಂದಿನ ಬೀದಿಯಲ್ಲಿ ತೆಲುಗಿನ ಹಾಡು. ಹಾಡು ಯಾವ ಭಾಷೆಯದಾದರೂ ಅದಕ್ಕೆ ನಡಿಗೆ ಕೊಡುತ್ತಿದ್ದುದು ಮಾತ್ರ ಸೈಡ್ ಡ್ರಮ್ಮು. ಕ್ಲಾರಿಯೊನೆಟ್ಟಿನವನು ಒಂದು ಸ್ವರ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ಡ್ರಮ್ಮಿನವನು ಒಂದು ಏಟು ತಪ್ಪಿದರೆ ಮೆರವಣಿಗೆಯ ಕಾಲೇ ಎಡವುತ್ತದೆ.

ಈಗ ಡಿ.ಜೆ. ಬಂದಿದೆ. ಟ್ರ್ಯಾಕ್ಟರ್ ಟ್ರೈಲರಿನ ಮೇಲೆ ಬೀರುವಿನಷ್ಟು ಎತ್ತರದ ಪೆಟ್ಟಿಗೆಗಳು ಬರುತ್ತವೆ, ಮನೆಯ ಹೆಂಚು ಅಲುಗುತ್ತವೆ. ಹಾಗಿದ್ದೂ ನಮ್ಮೂರಿನ ಬ್ಯಾಂಡು ಪೂರ್ತಿ ನಿಂತಿಲ್ಲ. ಒಂಬತ್ತು ಜನ ಇದ್ದಾರೆ. ಮಳೆಗಾಲದಲ್ಲಿ ಕಡಲೆಕಾಯಿ ಹೊಲ, ಬೇಸಗೆಯಲ್ಲಿ ಬ್ಯಾಂಡು. ಎರಡೂ ಸೇರಿದರೇನೇ ಅವರ ವರ್ಷ ತುಂಬುವುದು.

ಹೋದ ಮಾಘದಲ್ಲಿ ಆ ಬ್ಯಾಂಡಿನ ಹಳೆಯ ಸೈಡ್ ಡ್ರಮ್ಮು ಗುಜರಿಗೆ ಹೋಗುವುದರಲ್ಲಿತ್ತು. ಅದು ಹೇಗೆ ಉಳಿಯಿತು, ಅದರ ಸದ್ದು ಹೇಗೆ ವಾಪಸು ಬಂತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಕಡೆ ಊರೂರಲ್ಲೂ ಇಂಥ ಡ್ರಮ್ಮುಗಳು ಅಟ್ಟದ ಮೇಲೆ, ಶಾಲೆಯ ಬೀರುವಿನಲ್ಲಿ, ಭಜನೆ ಮನೆಯಲ್ಲಿ ಬಿದ್ದಿವೆ. ಅವುಗಳ ಒಡೆಯರಿಗೆ ಇದು ಉಪಯೋಗಕ್ಕೆ ಬರಲಿ ಅಂತ ಆಸೆ.

ತಗಡು ಡಬ್ಬದ ಸದ್ದು

ಬ್ಯಾಂಡಿನ ಯಜಮಾನರಿಗೆ ಎಂಬತ್ತು ದಾಟಿದೆ. ಊರಿಗೆಲ್ಲ ಅವರು ತಾತ. 1974ರಲ್ಲಿ ಅವರು ಬೆಂಗಳೂರಿಗೆ ಹುಣಿಸೆಹಣ್ಣಿನ ಲಾರಿಯಲ್ಲಿ ಹೋಗಿ, ಹಳೆ ಸಾಮಾನಿನ ಅಂಗಡಿಯಲ್ಲಿ ಈ ಡ್ರಮ್ಮು ಕೊಂಡು ತಂದರಂತೆ. ಮರದ ಮೈ, 14 ಇಂಚು ಅಗಲ, ಐದೂವರೆ ಇಂಚು ಎತ್ತರ, ಮೇಲೆ ಎಂಟು ಬೋಲ್ಟು, ಕೆಳಗೆ ಎಂಟು ಬೋಲ್ಟು. ಕಂಪನಿಯ ಬಿಲ್ಲೆ ಎಂದೋ ಉದುರಿಹೋಗಿದೆ, ಎರಡು ಮೊಳೆಯ ತೂತು ಮಾತ್ರ ಉಳಿದಿವೆ.

ತಾತನ ಮೊಮ್ಮಗ ಈಗ ಅದನ್ನು ಬಾರಿಸುವವನು. ಒಂದು ಸಂಜೆ ಡ್ರಮ್ಮನ್ನು ಹೆಗಲಿಗೆ ಹಾಕಿಕೊಂಡೇ ನಮ್ಮ ಕಣಕ್ಕೆ ಬಂದ.

"ದೊಡ್ಡಪ್ಪಾ, ಗುಜರಿಯವನು ತೂಕಕ್ಕೆ ಕೇಳ್ತಾ ಇದಾನೆ. ಹೆಡ್ಡು ಹೊಸದು ಹಾಕಿಸಿದೆ, ಆದ್ರೂ ಸೀಮೆಎಣ್ಣೆ ಡಬ್ಬ ಬಡಿದಂಗೆ ಬರ್ತದೆ. ಒಂದು ಕಡೆ ಬಿಗಿ ಮಾಡಿದ್ರೆ ಇನ್ನೊಂದು ಕಡೆ ಸಡಿಲ. ಯುಗಾದಿ ಆದ್ಮೇಲೆ ನಾಲ್ಕು ಮದುವೆ ಒಪ್ಕೊಂಡಿದೀವಿ. ಹೊಸದು ತರೋಣ ಅಂದ್ರೆ ತಾತ ಮಾತೇ ಆಡಲ್ಲ."

ನಾನು ಡ್ರಮ್ಮನ್ನು ಇಸಕೊಂಡು ಮೇಲಿನ ಬಳೆಯ ಮೇಲೆ ಬೆರಳು ಆಡಿಸಿದೆ. ಒಂದು ಕಡೆ ಸುತ್ತಿಗೆಯ ಗುರುತು ಸಿಕ್ಕಿತು. ಆ ಸುತ್ತಿಗೆ ನನ್ನದೇ. ಹತ್ತು ಹನ್ನೆರಡು ವರ್ಷದ ಹಿಂದೆ ಜಾತ್ರೆಯಿಂದ ಬರುವಾಗ ಡ್ರಮ್ಮು ಟ್ರೈಲರಿನಿಂದ ಬಿದ್ದು ಬಳೆ ಸೊಟ್ಟಗಾಗಿತ್ತು. ನೇಗಿಲು, ಗುದ್ದಲಿ ರಿಪೇರಿ ಗೊತ್ತಿರುವ ನನ್ನ ಕೈಗೆ ತಾತ ಅದನ್ನು ಕೊಟ್ಟಿದ್ದರು. ನಾನು ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದೆ ಅಂದುಕೊಂಡಿದ್ದೆ. ಕಣ್ಣಿಗೆ ನೆಟ್ಟಗಾಗಿತ್ತು, ಕಿವಿಗೆ ಆಗಿರಲಿಲ್ಲ. ತಾತ ಅಂದಿನಿಂದ ಇಂದಿನವರೆಗೆ ಒಂದು ಮಾತೂ ಅಂದಿಲ್ಲ. ಹಾಗಾಗಿ ಈ ಕೆಲಸ ನನ್ನ ತಲೆಯ ಮೇಲಿನ ಸಾಲವೇ ಆಗಿತ್ತು.

ಬಳೆಯ ಕೆಲಸ ಏನು?

ಡ್ರಮ್ಮಿನ ಮೈಯ ಮೇಲೆ ಹೆಡ್ಡು ಕೂರುತ್ತದೆ. ಹೆಡ್ಡಿಗೆ ತನ್ನದೇ ಒಂದು ಸಣ್ಣ ಒಳಬಳೆ ಇರುತ್ತದೆ. ಅದರ ಮೇಲೆ ಹೊರಬಳೆ. ಬ್ಯಾಂಡಿನವರು ಇದನ್ನು ರಿಂಗು ಅಂತಾರೆ. ಹೊರಬಳೆಯ ತೂತುಗಳಲ್ಲಿ ಬೋಲ್ಟು ಇಳಿದು, ಮೈಗೆ ಕೂರಿಸಿದ ಲಗ್ಗಿನೊಳಗಿನ ನಟ್ಟಿಗೆ ಕಚ್ಚಿಕೊಳ್ಳುತ್ತದೆ. ಬೋಲ್ಟು ತಿರುಗಿಸಿದರೆ ಹೊರಬಳೆ ಒಳಬಳೆಯನ್ನು ಒತ್ತುತ್ತದೆ, ಒಳಬಳೆ ಹೆಡ್ಡನ್ನು ಎಳೆಯುತ್ತದೆ.

ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟೆ ಏರಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಲಿಯ ಹಲ್ಲೆಲ್ಲ ಗಟ್ಟಿಯಿದ್ದು ಪಟ್ಟೆ ಒಂದು ಕಡೆ ಚಪ್ಪಟೆಯಾಗಿದ್ದರೆ ಬಂಡಿ ಕುಂಟುತ್ತದೆ. ಡ್ರಮ್ಮೂ ಹಾಗೇ. ಎಂಟು ಬೋಲ್ಟು ಎಳೆಯುವ ಬಲವನ್ನು ಸುತ್ತಲೂ ಸಮನಾಗಿ ಹಂಚುವುದು ಬಳೆಯ ಕೆಲಸ. ಬಳೆ ಸೊಟ್ಟಗಿದ್ದರೆ ಎಷ್ಟೇ ಒಳ್ಳೆಯ ಹೆಡ್ಡು ಹಾಕಿದರೂ ಒಂದು ಕಡೆ ಏರು, ಒಂದು ಕಡೆ ಇಳಿ.

ಬಿಗಿತಕ್ಕೂ ಸ್ವರಕ್ಕೂ ಒಂದು ಲೆಕ್ಕವಿದೆ. ಸ್ವರ ಎರಡು ಪಟ್ಟು ಏರಬೇಕಾದರೆ ಬಿಗಿತ ನಾಲ್ಕು ಪಟ್ಟು ಆಗಬೇಕು. ಅಂದರೆ ಮೇಲಿನ ಸ್ವರಕ್ಕೆ ಹೋದಷ್ಟೂ ಬಳೆ, ಬೋಲ್ಟುಗಳ ಮೇಲೆ ಬೀಳುವ ಭಾರ ಏಕ್‌ದಂ ಜಾಸ್ತಿಯಾಗುತ್ತದೆ. ಸೈಡ್ ಡ್ರಮ್ಮನ್ನು ಮೇಲಿನ ಸ್ವರದಲ್ಲೇ ಬಾರಿಸುವುದು. ಆದ್ದರಿಂದ ಸಾಮಾನು ಸೊರಗಿದ್ದರೆ ಮೊದಲು ಗೊತ್ತಾಗುವುದೂ ಇದರಲ್ಲೇ.

ಇಲ್ಲಿ ಮೃದಂಗದ ಮಾತೂ ಬರುತ್ತದೆ. ಸರ್ ಸಿ.ವಿ. ರಾಮನ್ನರು 1920ರಲ್ಲೂ, ಬೆಂಗಳೂರಿಗೆ ಬಂದಮೇಲೆ 1934ರಲ್ಲೂ ನಮ್ಮ ದೇಶದ ಚರ್ಮವಾದ್ಯಗಳ ಬಗ್ಗೆ ಲೇಖನ ಪ್ರಕಟಿಸಿದರು. ಬರೀ ಹಾಳೆಯನ್ನು ಬಡಿದರೆ ಹುಟ್ಟುವ ನಾದಗಳು ಒಂದಕ್ಕೊಂದು ಹೊಂದುವುದಿಲ್ಲ, ಮೃದಂಗದ ನಡುವಿನ ಕಪ್ಪು ಕರಣೆಯ ಭಾರದಿಂದ ಅವು ಸ್ವರದ ಲೆಕ್ಕಕ್ಕೆ ಬರುತ್ತವೆ ಎಂದು ಅವರು ತೋರಿಸಿಕೊಟ್ಟರು. ನಮ್ಮ ಸೈಡ್ ಡ್ರಮ್ಮಿಗೆ ಕರಣೆ ಇಲ್ಲ. ಮೃದಂಗದ ಶ್ರುತಿಯನ್ನು ಅದರಿಂದ ಕೇಳಬಾರದು. ಆದರೆ ಸುತ್ತಲೂ ಒಂದೇ ಸಮ ಬಿಗಿಯಿದ್ದರೆ ಏಟು ಚೊಕ್ಕವಾಗಿ ಬೀಳುತ್ತದೆ. ಅಷ್ಟು ಕೇಳುವುದು ನ್ಯಾಯ.

ತೊಗಲು ಹೋಗಿ ಪ್ಲಾಸ್ಟಿಕ್ಕು ಬಂದಾಗ

ತಾತನ ಕಾಲದಲ್ಲಿ ಡ್ರಮ್ಮಿಗೆ ತೊಗಲಿನ ಹೆಡ್ಡು. ನೆನೆಸಿ, ಹಸಿಯಿದ್ದಾಗಲೇ ಒಳಬಳೆಗೆ ಸುತ್ತಿ ಕೂರಿಸಿದರೆ ಅದು ಒಣಗುತ್ತಾ ಮೈಯ ಅಂಕುಡೊಂಕಿಗೆ ತಾನೇ ಹೊಂದಿಕೊಳ್ಳುತ್ತಿತ್ತು. ಮೋಡ ಮುಸುಕಿದರೆ ಸಡಿಲ, ಬಿಸಿಲು ಬಿದ್ದರೆ ಬಿಗಿ. ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ ಕಾಯಿಸುವುದು ಇದಕ್ಕೇ. ಸದ್ದು ಕೆಟ್ಟರೆ ಹವಾಮಾನದ ಮೇಲೆ ತಪ್ಪು ಹಾಕಬಹುದಿತ್ತು.

ಅಮೆರಿಕದಲ್ಲಿ 1956–57ರ ಹೊತ್ತಿಗೆ ಪಾಲಿಯೆಸ್ಟರ್ ಹಾಳೆಯ ಹೆಡ್ಡು ಮಾರಾಟಕ್ಕೆ ಬಂತು. ಅದು ನಿಧಾನವಾಗಿ ನಮ್ಮ ಬ್ಯಾಂಡುಗಳಿಗೂ ಬಂತು. ಮಳೆಗೆ ಜಗ್ಗುವುದಿಲ್ಲ, ಬಿಸಿಲಿಗೆ ಸೀಳುವುದಿಲ್ಲ. ಆದರೆ ಅದಕ್ಕೆ ತೊಗಲಿನ ದಾಕ್ಷಿಣ್ಯ ಇಲ್ಲ. ಮೈಯ ಅಂಚು ತಗ್ಗಿದ್ದರೆ, ಬಳೆ ಸೊಟ್ಟಗಿದ್ದರೆ ಅದು ಮುಚ್ಚಿಡುವುದಿಲ್ಲ, ಬಯಲಿಗೆ ಹೇಳಿಬಿಡುತ್ತದೆ. ಆದ್ದರಿಂದ ಹಳೆ ಡ್ರಮ್ಮಿಗೆ ಪ್ಲಾಸ್ಟಿಕ್ ಹೆಡ್ಡು ಹಾಕಿಸಿದ ಮೇಲೆ "ಹೆಡ್ಡೇ ಸರಿ ಇಲ್ಲ" ಅಂತ ಬೈಯುವುದಕ್ಕೆ ಮುಂಚೆ ಬಳೆ, ಬೋಲ್ಟು ನೋಡಬೇಕು.

ಇನ್ನೊಂದು ಮಾತು. ತೊಗಲಿನ ಕಾಲದ ಕೆಲವು ಡ್ರಮ್ಮುಗಳ ಮೈ ಈಗಿನ ಅಳತೆಗಿಂತ ಎಳ್ಳಷ್ಟು ದಪ್ಪ. ಅಂಗಡಿಯ 14 ಇಂಚಿನ ಹೆಡ್ಡು ಅದಕ್ಕೆ ಬಿರಡೆಯಂತೆ ಸಿಕ್ಕಿಕೊಳ್ಳುತ್ತದೆ. ಹೆಡ್ಡು ತಾನಾಗಿ ಇಳಿದು ಕೂರಬೇಕು, ಒಂದು ಬೆರಳಿನಿಂದ ತಳ್ಳಿದರೆ ಸುತ್ತ ತಿರುಗಬೇಕು. ತಿರುಗದಿದ್ದರೆ ಹೊಸ ಬಳೆಗೆ ದುಡ್ಡು ಹಾಕುವುದೇ ದಂಡ. ಹೆಡ್ಡು ಮೊದಲು, ಬಳೆ ಆಮೇಲೆ. ನಮ್ಮ ಪುಣ್ಯಕ್ಕೆ ತಾತನ ಡ್ರಮ್ಮಿನಲ್ಲಿ ಹೆಡ್ಡು ಸಲೀಸಾಗಿ ತಿರುಗಿತು.

ಕಡಪ ಕಲ್ಲಿನ ಪರೀಕ್ಷೆ

ನಮ್ಮ ಅಡುಗೆಮನೆಯಲ್ಲಿ ಕಡಪ ಕಲ್ಲಿನ ಚಪ್ಪಡಿ ಇದೆ. ರಾತ್ರಿ ಊಟ ಆದಮೇಲೆ ಅದನ್ನು ಒರೆಸಿ, ಬಿಚ್ಚಿದ ಬಳೆಗಳನ್ನು ಒಂದೊಂದಾಗಿ ಅದರ ಮೇಲಿಟ್ಟೆವು. ಕೆಳಗಿನ ಬಳೆ ಚಪ್ಪಟೆಯಾಗಿ ಕೂತಿತು. ಮೇಲಿನದು ಮುರುಕು ಕಾಲಿನ ಮಣೆಯಂತೆ ಟಕಟಕ ಅಂತ ಅಲುಗಿತು. ಟೇಪು ಹಿಡಿದು ನಾಲ್ಕು ದಿಕ್ಕಿಗೂ ಅಡ್ಡಗಲ ಅಳೆದರೆ ಒಂದು ಕಡೆ ಮೂರು ಮಿಲಿಮೀಟರ್ ಜಾಸ್ತಿ, ಅದರ ಅಡ್ಡಕ್ಕೆ ಅಷ್ಟೇ ಕಡಿಮೆ. ಬಳೆ ಮೊಟ್ಟೆಯಾಗಿತ್ತು. ನನ್ನ ಸುತ್ತಿಗೆಯ ಕೆಲಸ.

ಆಮೇಲೆ ಮೈಯ ಸರದಿ. ಬರೀ ಮೈಯನ್ನು ಚಪ್ಪಡಿಯ ಮೇಲೆ ಕವುಚಿ, ಒಳಗೊಂದು ಸಣ್ಣ ಟಾರ್ಚು ಹೊತ್ತಿಸಿಟ್ಟು, ಮನೆಯ ದೀಪ ಆರಿಸಿದೆವು. ಅಂಚು ಸಮ ಇದ್ದರೆ ಬೆಳಕು ಹೊರಗೆ ಸೋರಬಾರದು. ಮೇಲಿನ ಅಂಚಿನಲ್ಲಿ ಸೋರಲಿಲ್ಲ. ಕೆಳಗಿನ ಅಂಚಿನಲ್ಲಿ ಎದುರುಬದುರು ಎರಡು ಕಡೆ ಮಾತ್ರ ಬೆಳಕಿನ ಗೆರೆ ಕಾಣಿಸಿತು.

"ನೋಡು ದೊಡ್ಡಪ್ಪಾ, ಇಲ್ಲಿ ತಗ್ಗಿದೆ, ಉಜ್ಜಿಬಿಡ್ತೀನಿ" ಅಂತ ಹುಡುಗ ಉಪ್ಪುಕಾಗದ ಎತ್ತಿಕೊಂಡ.

ಗೋಡೆಗೆ ಒರಗಿ ಕೂತಿದ್ದ ತಾತ ಅವತ್ತು ಮೊದಲ ಸಲ ಬಾಯಿ ಬಿಟ್ಟರು. "ಮುಟ್ಬೇಡ ಕಣೋ. ಅದು ತಂತಿ ಮಲಗೋ ಜಾಗ."

ಅವರು ಹೇಳಿದ್ದು ಸರಿ. ಸೈಡ್ ಡ್ರಮ್ಮಿನ ಕೆಳಗೆ ಗಿಲಿಗಿಲಿ ಅನ್ನುವ ತಂತಿಗಳು ಹಾಯುತ್ತವಲ್ಲ, ಅವು ಹೆಡ್ಡಿಗೆ ಒತ್ತಿ ಕೂರಲಿ ಅಂತ ಮಾಡಿದವರೇ ಅಲ್ಲಿ ಎರಡು ಕಡೆ ಅಂಚನ್ನು ತಗ್ಗಿಸಿರುತ್ತಾರೆ. ಅದನ್ನು ಉಜ್ಜಿ ಸಮ ಮಾಡಿದರೆ ತಂತಿಯ ಸದ್ದು ಹೋದಂತೆಯೇ. ಹಳೆ ಸಾಮಾನಿನಲ್ಲಿ ಕಂಡ ತಗ್ಗೆಲ್ಲ ಸವಕಲು ಅಲ್ಲ, ಕೆಲವನ್ನು ಬೇಕಂತಲೇ ಮಾಡಿರುತ್ತಾರೆ.

ಯಾವ ಬಳೆ ತರಬೇಕು?

ಬಳೆಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ.

ಒಂದು, ಉಕ್ಕಿನ ತಗಡನ್ನು ಮಡಿಚಿ ಮಾಡಿದ್ದು. ಮೇಲಿನ ಅಂಚು ಹೊರಕ್ಕೆ ಮಡಿಸಿರುತ್ತದೆ, ಕೋಲು ತಾಗಿದರೆ ಕೋಲು ಕಡಿಯುವುದಿಲ್ಲ. ಸಾಮಾನ್ಯದ್ದು 1.6 ಮಿಲಿಮೀಟರ್ ದಪ್ಪ, ಗಟ್ಟಿ ತಗಡಿನದು 2.3 ಮಿಲಿಮೀಟರ್. ತೆಳುವಾದದ್ದು ಸ್ವಲ್ಪ ಬಾಗುತ್ತದೆ, ಸದ್ದು ಬಿಚ್ಚಿಕೊಂಡು ಬರುತ್ತದೆ, ಒಂದೊಂದು ಬೋಲ್ಟಿನ ಕೆಲಸ ಅದರ ಅಕ್ಕಪಕ್ಕಕ್ಕೇ ನಿಲ್ಲುತ್ತದೆ. ದಪ್ಪನೆಯದು ಅಷ್ಟು ಬಾಗುವುದಿಲ್ಲ, ಶ್ರುತಿ ಹೆಚ್ಚು ಹೊತ್ತು ನಿಲ್ಲುತ್ತದೆ, ಏಟು ಚುರುಕು.

ಎರಡು, ಅಚ್ಚಿನಲ್ಲಿ ಎರಕ ಹೊಯ್ದದ್ದು. ಹೆಚ್ಚಿನವು ಸತುವಿನ ಮಿಶ್ರಲೋಹ. ಇದು ಬಾಗುವುದೇ ಇಲ್ಲ ಅನ್ನಬಹುದು. ಒಂದು ಬೋಲ್ಟು ತಿರುಗಿಸಿದರೆ ಪಕ್ಕದ ಎರಡಕ್ಕೂ ಅದರ ಎಳೆತ ಹೋಗುತ್ತದೆ. ಆದ್ದರಿಂದ ಸಮ ಮಾಡುವುದು ಸುಲಭ. ಬಳೆಯ ಅಂಚಿಗೆ ಕೋಲು ಹೊಡೆದರೆ ಬಂದೂಕಿನಂಥ ಸದ್ದು. ಆದರೆ ನಾದದ ಬಾಲ ಕತ್ತರಿಸಿದಂತೆ ಒಣಗುತ್ತದೆ, ತೂಕವೂ ಜಾಸ್ತಿ. ಹಳೆ ಡ್ರಮ್ಮಿನ ಅಂಚು ಎಲ್ಲಾದರೂ ಏರುಪೇರಿದ್ದರೆ ತೆಳು ಬಳೆ ಅದನ್ನು ಅನುಸರಿಸಿಕೊಂಡು ಹೋಗುತ್ತದೆ, ಎರಕದ ಬಳೆ ಅನುಸರಿಸುವುದಿಲ್ಲ. ಒತ್ತಾಯ ಮಾಡಿದರೆ ಬಿರುಕು ಬಿಡುತ್ತದೆ. ಎರಕದ ಸಾಮಾನಿನ ಗುಣವೇ ಅದು, ಬಾಗುವುದಕ್ಕಿಂತ ಮೊದಲು ಒಡೆಯುತ್ತದೆ.

ಮೂರು, ಮರದ ಬಳೆ. ಇದನ್ನು ಕೊಕ್ಕೆಗಳಿಂದ ಹಿಡಿದಿರುತ್ತಾರೆ. ಬ್ಯಾಂಡಿನ ದೊಡ್ಡ ಡ್ರಮ್ಮಿನಲ್ಲಿ ಇಂದಿಗೂ ಇದನ್ನು ಕಾಣುತ್ತೇವೆ. ಸದ್ದು ಮೆತ್ತಗೆ, ದುಂಡಗೆ. ದೊಡ್ಡ ಡ್ರಮ್ಮಿಗೆ ಇದೇ ಚೆಂದ. ಕೊಕ್ಕೆ ಕಚ್ಚಿದ ಜಾಗದಲ್ಲಿ ಮರ ಕುಸಿದಿದೆಯೇ ಅಂತ ನೋಡಿಕೊಳ್ಳಬೇಕು.

ಹುಡುಗನಿಗೆ ಎರಕದ ಬಳೆಯ ಮೇಲೆ ಆಸೆ. ಮೊಬೈಲಿನಲ್ಲಿ ಅದರ ಸದ್ದು ಕೇಳಿದ್ದ. ನಾನು ಒಂದೇ ಪ್ರಶ್ನೆ ಕೇಳಿದೆ: "ಡ್ರಮ್ಮು ಸ್ಟ್ಯಾಂಡಿನ ಮೇಲೆ ಇರುತ್ತಾ, ನಿನ್ನ ಹೆಗಲ ಮೇಲೆ ಇರುತ್ತಾ?" ಮೆರವಣಿಗೆ ಬಸ್‌ಸ್ಟ್ಯಾಂಡಿನಿಂದ ಹೊರಟು ಹೆಣ್ಣಿನ ಮನೆ ಮುಟ್ಟುವುದಕ್ಕೆ ಎರಡು ಗಂಟೆ. ಎರಕದ ಬಳೆ ಒಳ್ಳೆಯದೇ. ಕೂತು ಬಾರಿಸುವವನಿಗೆ, ಅಂಚು ಸಮ ಇರುವ ಡ್ರಮ್ಮಿಗೆ ಒಳ್ಳೆಯದು. ನಡೆದು ಬಾರಿಸುವವನಿಗೆ ಪಟ್ಟಿ ಹೆಗಲು ಕೊಯ್ಯುತ್ತದೆ. ಕೊನೆಗೆ 2.3 ಮಿಲಿಮೀಟರಿನ ಮಡಿಚಿದ ಉಕ್ಕಿನ ಬಳೆ ಅಂತ ತೀರ್ಮಾನ ಮಾಡಿದೆವು.

ಎರಡನೇ ತಪ್ಪು

ಬಳೆ ಕೊಳ್ಳುವಾಗ ಅಗಲ ಒಂದೇ ಸಾಲದು, ತೂತಿನ ಲೆಕ್ಕವೂ ಬೇಕು. 14 ಇಂಚಿನ ಬಳೆಯಲ್ಲಿ 6, 8, 10 ತೂತಿನವು ಇವೆ. ಎಂಟು ಬೋಲ್ಟಿನ ಡ್ರಮ್ಮಿಗೆ ಹತ್ತು ತೂತಿನ ಬಳೆ ಎಂದಿಗೂ ಕೂರದು. ಇಷ್ಟು ನನಗೆ ಗೊತ್ತಿತ್ತು. ಪೇಟೆಗೆ ಹೋಗಿ "14 ಇಂಚು, 8 ತೂತು, ಎರಡು ಕೊಡಿ" ಅಂತ ಜಂಬದಿಂದ ಕೇಳಿ ತಂದೆ. ಮೇಲಕ್ಕೊಂದು, ಕೆಳಕ್ಕೊಂದು.

ಮನೆಗೆ ಬಂದು ಕೆಳಗಿನ ಬಳೆ ಹಾಕಿದರೆ ತಂತಿ ಹಿಡಿಯುವ ದಾರ ಹಾಯುವುದಕ್ಕೆ ದಾರಿಯೇ ಇಲ್ಲ! ಕೆಳಗಿನ ಬಳೆಯಲ್ಲಿ ಎದುರುಬದುರು ಎರಡು ಕಿಂಡಿ ಇರಬೇಕು. ನಾನು ತಂದದ್ದು ಎರಡೂ ಮೇಲಿನ ಬಳೆ. ಹುಡುಗ ನಕ್ಕ. ತಾತ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಆದರೆ ಆ ತಪ್ಪಿನಿಂದಲೇ ಬುದ್ಧಿ ಬಂತು. ಹಳೆಯ ಕೆಳಬಳೆ ಕಡಪ ಕಲ್ಲಿನ ಮೇಲೆ ಚಪ್ಪಟೆಯಾಗಿ ಕೂತಿತ್ತಲ್ಲ! ಅದನ್ನು ಬದಲಾಯಿಸುವ ಅಗತ್ಯವೇ ಇರಲಿಲ್ಲ. ಒಂದು ಬಳೆ ವಾಪಸು ಕೊಟ್ಟು, ಹಳೆಯದನ್ನೇ ಸೀಮೆಎಣ್ಣೆಯಲ್ಲಿ ಒರೆಸಿ ಹಾಕಿದೆವು. ಹಳೆ ಸಾಮಾನು ರಿಪೇರಿಯಲ್ಲಿ ಎಲ್ಲವನ್ನೂ ಹೊಸದು ಮಾಡುವ ಚಪಲ ಹುಟ್ಟುತ್ತದೆ. ಬಾವಿಯ ಪಂಪು ನೀರೆತ್ತದಿದ್ದರೆ ಪಂಪೇ ಬದಲಾಯಿಸುತ್ತೇವೆಯೇ? ವಾಷರು ನೋಡುತ್ತೇವೆ, ಫುಟ್‌ವಾಲ್ವು ನೋಡುತ್ತೇವೆ. ಇದೂ ಹಾಗೇ.

ಒಂದು ಎಚ್ಚರಿಕೆ. ಹಿತ್ತಾಳೆ ಬಳೆಯಾದರೆ ಹುಣಿಸೆಹಣ್ಣಿನಲ್ಲಿ ಉಜ್ಜಿ ತೊಳೆದು ಒಣಗಿಸಬಹುದು. ಉಕ್ಕಿನ ಮೇಲೆ ಹೊಳಪಿನ ಲೇಪ ಕೊಟ್ಟ ಬಳೆಗೆ ಹುಣಿಸೆಹಣ್ಣು ಬೇಡ, ಹುಳಿ ಲೇಪದ ಬಿರುಕಿನಲ್ಲಿ ಉಳಿದು ತುಕ್ಕು ಹಿಡಿಸುತ್ತದೆ.

ಬೋಲ್ಟಿನ ಜಾತಕ

ಬಳೆ ಸಿಕ್ಕಿತು, ಬೋಲ್ಟಿನ ಪಾಡು ಬೇರೆ. ಮೇಲಿನ ಎಂಟರಲ್ಲಿ ಎರಡರ ತಿರುಪು ಸವೆದಿತ್ತು. ಮೂರನೆಯದು ಯಾರೋ ತುರುಕಿದ ಸೈಕಲ್ ಬೋಲ್ಟು. ಪೇಟೆಯಿಂದ ತಂದ ಹೊಸ ಬೋಲ್ಟು ಎರಡು ಸುತ್ತು ಹೋಗಿ ಮರಳು ಸಿಕ್ಕಿದ ಹಾಗೆ ತಡೆಯಿತು. ಹುಡುಗ ಚಾವಿ ಹಾಕಿ ಅದುಮಲು ಹೋದ, ನಾನು ಬೇಡ ಅಂದೆ. ಬೋಲ್ಟು ಹಾಳಾದರೆ ಇನ್ನೊಂದು ಸಿಗುತ್ತದೆ. ಲಗ್ಗು ಸೀಳಿದರೆ ಅಂಥದ್ದು ಮತ್ತೆ ಸಿಗದು. ಹಳೆ ಲಗ್ಗುಗಳು ಹೆಚ್ಚಾಗಿ ಎರಕದವು, ಒತ್ತಾಯಕ್ಕೆ ಬಿರುಕು ಬಿಡುತ್ತವೆ.

ಬೋಲ್ಟನ್ನೂ ಒಂದು ಲಗ್ಗನ್ನೂ ಬಿಚ್ಚಿಕೊಂಡು ಹಿಂದೂಪುರದ ಒಂದು ಹಳೆ ಲೇತ್ ಅಂಗಡಿಗೆ ಹೋದೆ. ಕನ್ನಡಕ ಹಣೆಗೆ ಏರಿಸಿ, ತಿರುಪಿನ ಮೇಲೆ ಹಲ್ಲಿನ ಗೇಜು ಇಟ್ಟು ನೋಡಿದ ಮೇಸ್ತ್ರಿ, "ಇದಿ ಮಾಮೂಲು ಬೋಲ್ಟು ಕಾದಪ್ಪಾ. ಪಾತ ಇಂಗ್ಲೀಷು ತಿರುಪು" ಅಂದರು.

ವಿವರ ಹೀಗೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರು 1841ರಲ್ಲಿ ತಿರುಪಿಗೆ ಒಂದು ಅಳತೆ ಗೊತ್ತು ಮಾಡಿದರು. ಅದರ ಹಲ್ಲಿನ ಕೋನ 55 ಡಿಗ್ರಿ. ಅಮೆರಿಕದವರದು 60 ಡಿಗ್ರಿ. ಡ್ರಮ್ಮಿಗೆ ಈಗ ಹೆಚ್ಚಾಗಿ ಸಿಗುವ ಬೋಲ್ಟು ಅಮೆರಿಕದ ಅಳತೆಯ 12 ನಂಬರಿನದು, ಇಂಚಿಗೆ 24 ಹಲ್ಲು, ದಪ್ಪ 5.49 ಮಿಲಿಮೀಟರ್. ಹಳೆ ಇಂಗ್ಲಿಷ್ ಡ್ರಮ್ಮುಗಳಲ್ಲಿ ವಿಟ್‌ವರ್ತ್ ತಿರುಪು ಕಾಣುವುದುಂಟು. ಅದರಲ್ಲಿ 7/32 ಇಂಚಿನದಕ್ಕೂ ಇಂಚಿಗೆ 24 ಹಲ್ಲೇ, ದಪ್ಪ 5.56 ಮಿಲಿಮೀಟರ್. ಎರಡಕ್ಕೂ ಇರುವ ಅಂತರ ಒಂದು ಕೂದಲೆಳೆಯಷ್ಟು! ಕಣ್ಣಿಗೆ ಒಂದೇ, ಬಾಯಿಗೆ ಇಟ್ಟರೆ ಹೋಗುವ ಹಾಗೂ ಕಾಣುತ್ತದೆ, ಆದರೆ ಹಲ್ಲಿಗೆ ಹಲ್ಲು ಕೂಡುವುದಿಲ್ಲ. ಒತ್ತಿ ತಿರುಗಿಸಿದರೆ ಒಂದನ್ನೊಂದು ತಿನ್ನುತ್ತವೆ. ಇವಲ್ಲದೆ ಮಿಲಿಮೀಟರ್ ಲೆಕ್ಕದ ತಿರುಪುಗಳೂ ಇವೆ. ಬಿಲ್ಲೆ ಉದುರಿದ ಡ್ರಮ್ಮಿನ ಹುಟ್ಟೂರನ್ನು ಹೀಗೆ ಬೋಲ್ಟು ಹೇಳಿತು.

ಮೇಸ್ತ್ರಿಯ ಹತ್ತಿರ ಹಳೆ ಪಂಪಿನ ಕೆಲಸಕ್ಕೆ ಅಂತ ಇಟ್ಟಿದ್ದ ವಿಟ್‌ವರ್ತ್ ಡೈ ಇತ್ತು. ಉಕ್ಕಿನ ಸರಳಿನಲ್ಲಿ ಮೂರು ಬೋಲ್ಟು ಕಡೆದುಕೊಟ್ಟರು. ಇಂಥ ಲೇತ್ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಕೆಲವು ಲಗ್ಗುಗಳಲ್ಲಿ ನಟ್ಟು ಬೇರೆಯಾಗಿ ಬಿಚ್ಚಿ ಬರುತ್ತದೆ, ಆಗ ಬೋಲ್ಟೂ ನಟ್ಟೂ ಎರಡನ್ನೂ ಜೋಡಿಯಾಗಿ ಬದಲಾಯಿಸಬಹುದು. ಒಂದು ಹಳೆಯದು, ಒಂದು ಹೊಸದು ಅಂತ ಬೆರಸಬಾರದು.

ಉದ್ದವನ್ನೂ ನೋಡಿಕೊಳ್ಳಬೇಕು. ಹೊಸ ಬಳೆಯ ಎತ್ತರ ಬೇರೆಯಾದರೆ ಬೋಲ್ಟಿನ ಉದ್ದವೂ ಬೇರೆ ಬೇಕಾಗಬಹುದು. ಚಿಕ್ಕದಾದರೆ ನಾಲ್ಕು ಹಲ್ಲಿಗೆ ಎಲ್ಲ ಭಾರ ಬೀಳುತ್ತದೆ. ಉದ್ದವಾದರೆ ಲಗ್ಗಿನ ತಳ ಮುಟ್ಟಿ ನಿಲ್ಲುತ್ತದೆ, ಬಿಗಿಯಾಯಿತು ಅಂತ ನಾವು ಮೋಸ ಹೋಗುತ್ತೇವೆ. ಬೋಲ್ಟು ಲಗ್ಗಿಗೆ ನೆಟ್ಟಗೆ ಇಳಿಯಬೇಕು. ವಾಲಿಕೊಂಡು ಇಳಿದರೆ ಆ ಬಳೆ ಆ ಡ್ರಮ್ಮಿನದಲ್ಲ. ಬೋಲ್ಟಿನ ತಲೆಯ ಕೆಳಗೆ ಒಂದು ವಾಷರು, ಹಲ್ಲಿಗೆ ಒಂದು ಚೂರು ಗ್ರೀಸು. ಲಗ್ಗಿನೊಳಗೆ ಸ್ಪ್ರಿಂಗು ಇದ್ದು ಝಿಣ್ ಅನ್ನುತ್ತಿದ್ದರೆ ಅದಕ್ಕೆ ಸ್ವಲ್ಪ ಹತ್ತಿ ಸುತ್ತಿದರೆ ಸಾಕು.

ಟ್ರ್ಯಾಕ್ಟರ್ ಚಕ್ರದ ಪಾಠ

ಟ್ರ್ಯಾಕ್ಟರಿನ ಚಕ್ರ ಹಾಕುವಾಗ ನಟ್ಟುಗಳನ್ನು ಸಾಲಾಗಿ ಬಿಗಿ ಮಾಡುತ್ತೇವೆಯೇ? ಇಲ್ಲ. ಎದುರುಬದುರು ಮಾಡುತ್ತೇವೆ. ಡ್ರಮ್ಮಿಗೂ ಅದೇ. ಎಂಟೂ ಬೋಲ್ಟನ್ನು ಮೊದಲು ಬೆರಳಿನಿಂದ ಮುಟ್ಟಿಸಿ. ಆಮೇಲೆ ಚಾವಿಯಿಂದ ಅರ್ಧರ್ಧ ಸುತ್ತು: ಒಂದು–ಐದು, ಮೂರು–ಏಳು, ಎರಡು–ಆರು, ನಾಲ್ಕು–ಎಂಟು. ಒಂದನ್ನೇ ಹಿಡಿದು ತಿರುಗಿಸಿದರೆ ಹೊಸ ಬಳೆಯೂ ಮೊಟ್ಟೆಯಾಗುತ್ತದೆ.

ಬಿಗಿ ಬಂದಮೇಲೆ ಪ್ರತಿ ಬೋಲ್ಟಿನ ಎದುರು ಅಂಚಿನಿಂದ ಒಂದೂವರೆ ಇಂಚು ಒಳಗೆ ಕೋಲಿನಿಂದ ಮೆಲ್ಲಗೆ ತಟ್ಟಿ ಕೇಳಿ. ಎಂಟೂ ಕಡೆ ಒಂದೇ ಸ್ವರ ಬರಬೇಕು. ಒಂದು ಕಡೆ ಏರಿದ್ದರೆ ಆ ಬೋಲ್ಟನ್ನು ಬೇಕಾದ್ದಕ್ಕಿಂತ ಕೆಳಗೆ ಇಳಿಸಿ, ಮತ್ತೆ ಏರಿಸುತ್ತಾ ಸ್ವರಕ್ಕೆ ತನ್ನಿ. ಇಳಿಸುತ್ತಾ ತಂದು ನಿಲ್ಲಿಸಿದರೆ ಸ್ವರ ನಿಲ್ಲುವುದಿಲ್ಲ, ನಾಲ್ಕು ಏಟಿಗೆ ಜಾರುತ್ತದೆ. ಕೆಳಗಿನ ಹೆಡ್ಡಿಗೆ ಕೋಲು ತಾಗಿಸಬೇಡಿ. ಮೇಲಿನದು ಸಾಮಾನ್ಯವಾಗಿ ಇಂಚಿನ ಸಾವಿರದಲ್ಲಿ ಹತ್ತು ಭಾಗ ದಪ್ಪ ಇದ್ದರೆ ಕೆಳಗಿನದು ಮೂರೇ ಭಾಗ. ಬೆರಳಲ್ಲಿ ತಟ್ಟಿದರೆ ಸಾಕು. ಈ ಕೆಲಸ ಮಾಡುವಾಗ ತಂತಿಯ ಕೀಲು ಸಡಿಲಿಸಿಡಿ, ಇಲ್ಲದಿದ್ದರೆ ಅದರ ಗದ್ದಲದಲ್ಲಿ ಏನೂ ಕೇಳದು.

ತಾತನ ತೀರ್ಪು

ಎಲ್ಲ ಮುಗಿಯುವಾಗ ರಾತ್ರಿ ಹತ್ತಾಗಿತ್ತು. ಒಟ್ಟು ಖರ್ಚು ಹೊಸ ಡ್ರಮ್ಮಿನ ಬೆಲೆಯಲ್ಲಿ ಕಾಲು ಭಾಗವೂ ಆಗಲಿಲ್ಲ: ಒಂದು ಬಳೆ, ಮೂರು ಬೋಲ್ಟು, ಎಂಟು ವಾಷರು, ಅಷ್ಟೇ. ಹುಡುಗ ತಂತಿ ಬಿಗಿ ಮಾಡಿ ಒಂದು ಉರುಳು ಬಾರಿಸಿದ. ಒಣಗಿದ ಹುರುಳಿ ಮೊರದಲ್ಲಿ ಜಾರಿದ ಹಾಗೆ ಸದ್ದು ಒಂದೇ ಸಮ ಹೊರಟಿತು. ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು.

ತಾತ ಕೋಲು ಇಸಕೊಂಡರು. ಕೈ ನಡುಗುತ್ತಿತ್ತು. ಹೆಡ್ಡಿನ ನಡುವೆ ಒಂದು, ಅಂಚಿನಲ್ಲಿ ಒಂದು ಏಟು ಹಾಕಿ ಕಿವಿ ಕೊಟ್ಟರು. ಮತ್ತೆ ನನ್ನ ಸುತ್ತಿಗೆ ತಿಂದ ಹಳೆ ಬಳೆಯನ್ನು ನೆಲದಿಂದ ಎತ್ತಿಕೊಂಡು ಸುತ್ತ ಸವರಿದರು.

"ಅವತ್ತೇ ಹೇಳ್ಬೇಕು ಅಂದ್ಕೊಂಡಿದ್ದೆ, ಮಗಾ" ಅಂದರು. "ನೀನು ಅಕ್ಕರೆಯಿಂದ ಬಡಿದಿದ್ದೆ. ಅದಕ್ಕೇ ಸುಮ್ನಾದೆ."

ಯುಗಾದಿ ಕಳೆದ ಮೇಲೆ ನಾಲ್ಕೂ ಮದುವೆಯಲ್ಲಿ ಅದೇ ಡ್ರಮ್ಮು ಬಾರಿಸಿತು. ಕೊನೆಯ ಮದುವೆಯಲ್ಲಿ ಡಿ.ಜೆ.ಯೂ ಇತ್ತು. ಅದರ ಮುಂದೆ ಡ್ರಮ್ಮಿನ ಸದ್ದು ಎಲ್ಲಿ ಕೇಳಬೇಕು? ಕೇಳಲಿಲ್ಲ. ಆದರೆ ಜನರೇಟರಿಗೆ ಡೀಸೆಲ್ಲು ಹಾಕಲು ಹತ್ತು ನಿಮಿಷ ಅದು ನಿಂತಾಗ ಹುಡುಗ ಶುರು ಮಾಡಿದ. ಶಿರಾದ ಬೀಗರೂ ನಮ್ಮೂರ ಬೀಗರೂ ಕುಣಿದದ್ದು ಆ ಹತ್ತು ನಿಮಿಷವೇ.

ಹಳೆಯ ಬಳೆಯನ್ನು ಗುಜರಿಗೆ ಹಾಕಲು ತಾತ ಬಿಡಲಿಲ್ಲ. ಅದು ಈಗ ಅವರ ಮನೆಯ ಹಿತ್ತಲಲ್ಲಿದೆ, ಅವರೆ ಬಳ್ಳಿ ಹಬ್ಬಿಕೊಂಡಿದೆ. ನಿಮ್ಮ ಮನೆಯ ಅಟ್ಟದ ಮೇಲೂ ಹಳೆ ಡ್ರಮ್ಮು ಇದ್ದರೆ ಕೆಳಗಿಳಿಸಿ ನೋಡಿ. ಗುಜರಿಯವನ ತಕ್ಕಡಿಗೆ ಇಡುವುದಕ್ಕೆ ಮುಂಚೆ ಒಂದು ಸಲ ಕಡಪ ಕಲ್ಲಿನ ಮೇಲೆ ಇಡಿ.